ಗಾಜು ಎತ್ತಿ ನೋಡಿ

ಸ್ಕ್ಯಾಂಡಿನೇವಿಯಾದ (ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕಡೆಯ) ಹಳೇ ಕಾಫಿ ಟೇಬಲ್‌ಗಳ ಬಗ್ಗೆ ನಿಮ್ಮ ಬರಹ ಓದಿದೆ. ಐವತ್ತು–ಅರವತ್ತರ ದಶಕದ ಡೆನ್ಮಾರ್ಕ್ ಕಾಫಿ ಟೇಬಲ್‌ಗಳೆಲ್ಲ ಗಟ್ಟಿ ತೇಗದವು ಎಂದು ಬರೆದಿದ್ದೀರಿ. ಪೂರ್ತಿ ಸರಿಯಲ್ಲ. ಕಾಲು, ಅಂಚುಪಟ್ಟಿ ಗಟ್ಟಿ ಮರದ್ದೇ. ಆದರೆ ಅಗಲವಾದ ಮೇಲ್ಹಲಗೆ ಎಷ್ಟೋ ಸಲ ವಿನೀರ್, ಅಂದರೆ ಬೇರೆ ಹಲಗೆಯ ಮೇಲೆ ಅಂಟಿಸಿದ ಒಳ್ಳೇ ಮರದ ತೆಳು ಪದರ. ಅದೇನೂ ಕಳಪೆ ಅಲ್ಲ ಬಿಡಿ. ಸುಮ್ನೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದರೆ ಮಾತ್ರ ಮೇಲಿನ ತೆಳು ಪದರವೇ ಹೋಗಿಬಿಡುತ್ತದೆ. ಗಾಜಿನ ಟೇಬಲ್ ಆದರೆ ಗಾಜು ಎತ್ತಿಟ್ಟು ಚೌಕಟ್ಟು ನೋಡಿ. ಗಾಜಿನ ಅಂಚು ಕೂತಿದ್ದ ಕಡೆ ಸವೆತ, ಹಳೇ ಧೂಳಿನ ಗೆರೆ ಸಾಮಾನ್ಯವಾಗಿ ಇರುತ್ತದೆ. ಎಲ್ಲ ಹೊಸದರಂತೆ ನುಣುಪಾಗಿದ್ದರೆ ಸ್ವಲ್ಪ ಅನುಮಾನ ಪಡಿ.

ಇನ್ನು, ಎರಡು ಬಾಗಿದ ಮರದ ತುಂಡುಗಳ ಮೇಲೆ ಮೂರು ಮೂಲೆಯ ದಪ್ಪ ಗಾಜು ಇರುವ ಟೇಬಲ್, ನಿಮ್ಮ ಬರಹದ ಆ ಕೊನೆಯ ಫೋಟೋ! ಅದು ಸ್ಕ್ಯಾಂಡಿನೇವಿಯಾದ್ದಲ್ಲ. ಶಿಲ್ಪಿ ಇಸಾಮು ನೊಗುಚಿ ವಿನ್ಯಾಸ, ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ 1947ರಲ್ಲಿ ಮಾರಾಟಕ್ಕೆ ತಂದದ್ದು. ಅಂಗಡಿಯವರೂ ಇದನ್ನ ಬೆರೆಸುತ್ತಾರೆ, ನಿಮ್ಮೊಬ್ಬರದೇ ತಪ್ಪಲ್ಲ.

ರೋಸ್‌ವುಡ್ ಟೇಬಲ್ ಬಗ್ಗೆ ಒಂದು ಮಾತು ಸೇರಿಸಬೇಕಿತ್ತು ಅಲ್ವಾ? ಆಗ ಜಾಸ್ತಿ ಬಳಸಿದ್ದು ಬ್ರೆಜಿಲ್‌ನ ಮರ, ನಮ್ಮ ಬೀಟೆಯ ದಾಯಾದಿ. 1992ರಿಂದ ಅದು ಸೈಟಿಸ್‌ನ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಹಳೇ ಟೇಬಲ್ ಆದರೂ ವಿದೇಶದಿಂದ ತರಿಸುವ ಮುಂಚೆ ಕಾಗದಪತ್ರ ಕೇಳಿ.