ಬಾಯಾರಿಕೆ ತೀರಿದ ನಿಂಬೆ

ಅಂತರಜಾಲದ ವಿಶ್ವಕೋಶವೊಂದರಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಸುಣ್ಣದ ಕುರಿತು ಇದ್ದ ಒಂದೂವರೆ ಸಾಲಿನ ಚುಟುಕು ಲೇಖನ ಕೊನೆಗೂ ವಿಸ್ತಾರಗೊಂಡದ್ದನ್ನು ಕಂಡು ನನ್ನ ಎದೆ ಉಬ್ಬಿತು. "ಇದೊಂದು ರಾಸಾಯನಿಕ ಸಂಯುಕ್ತವಾಗಿದೆ" ಎಂಬಲ್ಲಿಗೆ ಮುಗಿಯುತ್ತಿದ್ದ ಲೇಖನ ಈಗ, ಇದು ಕ್ಯಾಲ್ಸಿಯಂನ ಹೈಡ್ರಾಕ್ಸೈಡ್ ಆಗಿರುವ ರಾಸಾಯನಿಕ ಸಂಯುಕ್ತವಾಗಿದೆ ಎಂಬ ಹೊಸ ಜ್ಞಾನವನ್ನೂ ನೀಡುತ್ತದೆ. ಇದಕ್ಕೆ 'ಬಾಯಾರಿಕೆ ತೀರಿದ ನಿಂಬೆ' ಎಂಬ ಹೆಸರೂ ಉಂಟಂತೆ. ಇದು ಹುಟ್ಟುವುದು 'ವೇಗದ ನಿಂಬೆ'ಯಿಂದಂತೆ. ನೀರಿನಲ್ಲಿ ಕದಡಿದರೆ 'ನಿಂಬೆಯ ಹಾಲು' ಆಗುತ್ತದಂತೆ. ಇಂಗ್ಲಿಷಿನಲ್ಲಿ ಸುಣ್ಣಕ್ಕೂ ನಿಂಬೆಗೂ 'ಲೈಮ್' ಎಂಬ ಒಂದೇ ಹೆಸರಿರುವುದು ಅನುವಾದ ಯಂತ್ರದ ತಪ್ಪಲ್ಲ, ಒಪ್ಪಿದೆ. ಪ್ರಕಟಿಸುವ ಮುನ್ನ ಒಮ್ಮೆ ಓದದೇ ಇದ್ದದ್ದು ಯಾರ ತಪ್ಪು?

ಇಡೀ ಲೇಖನದಲ್ಲಿ ಸುಣ್ಣ ಎಂಬ ಎರಡಕ್ಷರ ಎಲ್ಲಿಯೂ ಇಲ್ಲ.

ನಮ್ಮ ಅಜ್ಜಿ ವೀಳ್ಯದೆಲೆಯ ಬೆನ್ನಿಗೆ ಈ ಸಂಯುಕ್ತವನ್ನು ಸವರಿ, ಬೆರಳಿನಲ್ಲಿ ಉಳಿದದ್ದನ್ನು ಪಡಸಾಲೆಯ ಕಂಬಕ್ಕೆ ಒರೆಸುತ್ತಿದ್ದರು. ಆ ಕಂಬದ ಮೇಲಿನ ಬಿಳಿ ಗೀರುಗಳೇ ಮನೆಯ ತಾಂಬೂಲದ ಲೆಕ್ಕಪುಸ್ತಕವಾಗಿದ್ದವು. ಆರತಿ ತಟ್ಟೆಯ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಕೆಂಪಗಾಗಿಸುತ್ತಿದ್ದರು. ಕ್ಷಾರದಲ್ಲಿ ಅರಿಸಿನ ಕೆಂಪಾಗುತ್ತದೆ ಎಂದು ನಾನು ಲೇಖನಕ್ಕೆ ಸೇರಿಸಿದೆ. ಕನ್ನಂಬಾಡಿ ಕಟ್ಟೆಯನ್ನು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದನ್ನೂ ಬರೆದೆ. ಆಧಾರ ಕೊಟ್ಟಿಲ್ಲವೆಂದು ಎರಡನ್ನೂ ಅಳಿಸಿದರು. 1931ರಲ್ಲಿ ಮುಗಿದ ಕಟ್ಟೆ ಇನ್ನೂ ನಿಂತಿದೆ, ನನ್ನ ಸಾಲು ಸಂಜೆಯವರೆಗೂ ನಿಲ್ಲಲಿಲ್ಲ. ನಿಂಬೆಯ ಹಾಲಿಗೆ ಮಾತ್ರ ಆಧಾರವನ್ನು ಯಾರೂ ಕೇಳಲಿಲ್ಲ.

ಲೇಖನದ ಪಕ್ಕದ ಮಾಹಿತಿ ಪೆಟ್ಟಿಗೆಯಲ್ಲಿ ಅಣುತೂಕ 74.09 ಎಂದು ಸರಿಯಾಗಿಯೇ ಇದೆ. ನೀರು ಕಾದಷ್ಟೂ ಸುಣ್ಣ ಕಡಿಮೆ ಕರಗುತ್ತದೆ ಎಂಬ ಸೋಜಿಗದ ಸಂಗತಿಯೂ ಅಲ್ಲಿಯೇ ಇದೆ, ಇಂಗ್ಲಿಷಿನಲ್ಲಿ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದವರಿಗೆ ಸುಣ್ಣ ಕಣ್ಣಿಗೆ ಏನು ಮಾಡುತ್ತದೆಂಬುದು ಗೊತ್ತಿತ್ತು. ಬೀಡಾ ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಂಡಿದಾಗ ಸುಣ್ಣ ಸಿಡಿದು ಕಣ್ಣಿಗೆ ಬೀಳುತ್ತದೆ; ಕ್ಷಾರವಾದ್ದರಿಂದ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಉಜ್ಜದೆ, ತಡಮಾಡದೆ, ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಹೇಳಲಾಗದಿದ್ದರೆ ಆ ಲೇಖನವನ್ನು ಯಾಕೆ ಹಿಗ್ಗಿಸಿದಿರಿ, ಸ್ವಾಮಿ? ಅಂಥ ಹೊತ್ತಿನಲ್ಲಿ ತಾಯಿಯೊಬ್ಬಳು ನಡುಗುವ ಕೈಯಲ್ಲಿ ಮೊಬೈಲು ಹಿಡಿದು ಹುಡುಕಿದರೆ ಅವಳಿಗೆ ಸಿಗುವುದು ನಿಂಬೆಯ ಹಾಲು.