ನನ್ನ ತೋಟ ಫೆಬ್ರವರಿಯಲ್ಲಿದೆ

ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆ ಮಳೆಗಾಲ ಅಂದರೆ ಕೊಳೆರೋಗ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಕ್ಕಿದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಕೊನೆಗೌಡ ಸಿಗುವುದಿಲ್ಲ. ಮೈಲುತುತ್ತ-ಸುಣ್ಣದ ಮದ್ದು ಡ್ರಮ್ಮಿನಲ್ಲೇ ಉಳಿಯಿತು, ಕಾಯಿ ಉದುರಿತು. ಪಹಣಿ ಲಗತ್ತಿಸಿ ಪರಿಹಾರಕ್ಕೆ ಅರ್ಜಿ ಹಾಕಿದೆ.

ಉತ್ತರ ಬಂತು. ‘ಮಾನ್ಯ ಶ್ರೀ/ಶ್ರೀಮತಿ «ಹೆಸರು» ಅವರೇ’ ಎಂದು ಶುರು. ಮಾನ್ಯ ಎಂದು ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ, ಖುಷಿಯಾಯಿತು.

ಕಚೇರಿಗೆ ಹೋದೆ. ಎಕ್ಸೆಲ್‌ನಲ್ಲಿ ರೈತರ ವಿವರ, ವರ್ಡ್‌ನಲ್ಲಿ ನಮೂನೆ, ಮೇಲ್ ಮರ್ಜ್ ಒತ್ತಿದರೆ ಎಲ್ಲ ತಾನೇ ತುಂಬಿಕೊಳ್ಳುತ್ತದೆ ಎಂದರು. ಗೋಡೆ ಮೇಲೆ ಅರ್ಜಿದಾರರ ಪಟ್ಟಿ ಇತ್ತು. ಹಾಳೆಗೊಂದೇ ಹೆಸರು! ಪಟ್ಟಿ ಬೇಕಿದ್ದರೆ ‘ಡೈರೆಕ್ಟರಿ’ ಆರಿಸಬೇಕು. ಇವರು ‘ಲೆಟರ್ಸ್’ ಆರಿಸಿದ್ದರು, ಅದು ಒಬ್ಬೊಬ್ಬರಿಗೂ ಹೊಸ ಪುಟ ತೆಗೆಯುತ್ತದೆ. ಪಟ್ಟಿ ಗೋಡೆ ದಾಟಿ, ಮೆಟ್ಟಿಲಿಳಿದು, ಬೈಕ್ ನಿಲ್ಲಿಸುವಲ್ಲಿಗೆ ಮುಟ್ಟಿತ್ತು. ಲಕೋಟೆ ಚೀಟಿಗಳಲ್ಲಿ ‘ನೆಕ್ಸ್ಟ್ ರೆಕಾರ್ಡ್’ ಹಾಕಲು ಮರೆತು, ಹಾಳೆಯ ಚೀಟಿಗಳೆಲ್ಲ ಒಬ್ಬರೇ ಹೆಗಡೆಯವರ ಹೆಸರಿಗೆ ಬಂದಿದ್ದವು. ಅದನ್ನು ದೂರುವುದು ಕಷ್ಟ. ನಮ್ಮ ಕಡೆ ಹೆಗಡೆ ಎಂದು ಬರೆದರೆ ಯಾರಿಗಾದರೂ ಮುಟ್ಟಿಯೇ ಮುಟ್ಟುತ್ತದೆ.

ನನ್ನ ಹಾಳೆ ಬೈಕಿನ ಪಕ್ಕ ಸಿಕ್ಕಿತು. ಸರ್ವೆ ನಂಬರ್ ಜಾಗದಲ್ಲಿ ‘05-ಫೆಬ್’. ಷರಾ: ತಿರಸ್ಕೃತ.

“ನನ್ನದು 5/2” ಎಂದೆ.

“ಅದೇ, ಫೆಬ್ರವರಿ ಐದು. ಕೊಳೆ ಬರುವುದು ಮಳೆಗಾಲದಲ್ಲಿ ಅಲ್ವಾ? ನಿಮ್ಮ ತೋಟ ಫೆಬ್ರವರಿಯಲ್ಲಿದೆ.”

ನಡುವೆ ಗೆರೆ ಕಂಡರೆ ಎಕ್ಸೆಲ್ ಅದನ್ನು ತಾರೀಕು ಮಾಡಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿದ್ದರೆ ಮುಗಿಯಿತು, ಒಂದೇ ನಿಮಿಷದ ಕೆಲಸ. ಹಾಗಂತ ಹೇಳಿದೆ. “ಸಿಸ್ಟಮ್ಮಿನಲ್ಲಿ ಹಾಗೇ ಬಂದಿದೆ. ನೀವೇ ಹಿಸ್ಸಾ ನಂಬರ್ ಬದಲಿಸಿಕೊಳ್ಳಿ” ಎಂದರು.

ನಗಬೇಡಿ. ಮಾರ್ಚ್1, ಸೆಪ್ಟ್1 ಎಂಬ ಜೀನ್‌ಗಳ ಹೆಸರನ್ನೂ ಎಕ್ಸೆಲ್ ಹೀಗೇ ತಾರೀಕು ಮಾಡುತ್ತಿತ್ತು. ಜಗತ್ತಿನ ವಿಜ್ಞಾನಿಗಳೇ ಸೋತು 2020ರ ಹೊತ್ತಿಗೆ ಜೀನ್‌ಗಳ ಹೆಸರು ಬದಲಿಸಿದರು. ನನ್ನ ಮೂರು ಗುಂಟೆ ಬಾಗಾಯ್ತಿನದು ಯಾವ ದೊಡ್ಡ ಮಾತು?

ಪಕ್ಕದ ತೋಟದವರದು 8/7. ಜುಲೈ ಎಂಟು, ಭರ್ತಿ ಮಳೆಗಾಲ. ಅವರಿಗೆ ಪೂರ್ತಿ ಮಂಜೂರಾಗಿದೆ. ನಿನ್ನೆ ಸಿಹಿ ಕೊಡಲು ಬಂದಿದ್ದರು. ಈ ವರ್ಷ ಅವರ ತೋಟಕ್ಕೆ ಕೊಳೆಯೇ ಬಂದಿಲ್ಲವಂತೆ.