ಕಾಳು ಎಷ್ಟು ಹೋಯ್ತು ಅಂತ ಅಳೆದವರು ಯಾರು?

ಧಾನ್ಯ ಹಾಳಾಗುವ ಮಾತು ಬಂದರೆ ಸಾಕು, ಯಾರಾದರೂ ಶೇ. 30, ಶೇ. 40 ಅಂತ ಒಂದು ಅಂಕಿ ಎಸೆಯುತ್ತಾರೆ. ಎಲ್ಲಿ ಅಳೆದಿರಿ ಅಂತ ಕೇಳಿದರೆ ಮೌನ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜು ಶೇ. 14ರ ಆಸುಪಾಸು. ಅದು ಎಲ್ಲ ಆಹಾರಕ್ಕೂ ಸೇರಿದ ಲೆಕ್ಕ, ಕೊಯ್ಲಾದ ಮೇಲಿಂದ ಚಿಲ್ಲರೆ ಮಾರಾಟದ ಹಂತ ಮುಟ್ಟುವವರೆಗಿನದು. ನಿಮ್ಮ ಹೊಲದಲ್ಲಿ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ.

ಹೊಲದಲ್ಲಿ ಅಳೆಯಲು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಸಾಕು. ನೆಲಕ್ಕಿಟ್ಟು ಕಾಳು ಎಣಿಸಿ. ಸಾವಿರ ಗೋಧಿ ಕಾಳಿಗೆ ಸುಮಾರು 40 ಗ್ರಾಂ ಹಿಡಿಯೋಣ. ನೂರು ಕಾಳು ಸಿಕ್ಕರೆ 4 ಗ್ರಾಂ. ಹೆಕ್ಟೇರಿಗೆ 40 ಕಿಲೋ ಆಯ್ತು!

ಆದರೆ ಇಲ್ಲೇ ಜಾಸ್ತಿ ಜನ ಎಡವುವುದು. ಕಟಾವು ಯಂತ್ರ ನಾಲ್ಕು ಮೀಟರ್ ಅಗಲ ಕೊಯ್ದು, ಹುಲ್ಲನ್ನು ಒಂದೇ ಮೀಟರ್ ಅಗಲದ ಸಾಲಿನಲ್ಲಿ ಹಿಂದೆ ಚೆಲ್ಲುತ್ತದೆ ಅನ್ನಿ. ಯಂತ್ರದ ಹಿಂಬದಿಯಿಂದ ಆ ಸಾಲಿಗೆ ಬಿದ್ದ ಕಾಳನ್ನು ನಾಲ್ಕರಿಂದ ಭಾಗಿಸಬೇಕು. ಇಲ್ಲದಿದ್ದರೆ ನಷ್ಟ ನಾಲ್ಕು ಪಟ್ಟು ಕಾಣುತ್ತದೆ. ತಾನಾಗೇ ಉದುರಿದ್ದನ್ನು ಯಂತ್ರದ ತಲೆಗೆ ಕಟ್ಟುವುದೂ ತಪ್ಪು. ಅದಕ್ಕೇ ಕೊಯ್ಯದ ಪೈರಿನ ನಡುವೆಯೂ ಒಮ್ಮೆ ಎಣಿಸಬೇಕು. ಮುಂದೆ ಕತ್ತರಿಯ ಹತ್ತಿರ ಉದುರುತ್ತಿದ್ದರೆ ವೇಗ ತಗ್ಗಿಸಿ, ಪೈರನ್ನು ಕತ್ತರಿಯತ್ತ ಬಾಗಿಸುವ ರೀಲ್ ಸರಿಮಾಡಿ. ಹಿಂದಿನಿಂದ ಬೀಳುತ್ತಿದ್ದರೆ ಯಂತ್ರದೊಳಗೆ ಹೊಟ್ಟು ತೂರುವ ಗಾಳಿ, ಜರಡಿ ನೋಡಿ. ಇದ್ಯಾವುದೂ ನೋಡದೆ ಸುಮ್ನೆ ಚಾಲಕನನ್ನು ಬೈದರೆ ಏನು ಬಂತು?

ಒಣಗಿಸಿದಾಗ ಇಳಿಯುವ ತೂಕವನ್ನೂ ನಷ್ಟಕ್ಕೆ ಸೇರಿಸುವವರಿದ್ದಾರೆ. ಶೇ. 20 ತೇವಾಂಶದ 100 ಕಿಲೋ ಭತ್ತವನ್ನು ಶೇ. 14ಕ್ಕೆ ಒಣಗಿಸಿದರೆ ಸುಮಾರು 93 ಕಿಲೋ ಉಳಿಯುತ್ತದೆ. ಹೋದದ್ದು ನೀರು, ಅಷ್ಟೇ.

ಹುಳದ ಲೆಕ್ಕವೂ ಹಾಗೇ. ನೂರರಲ್ಲಿ ಹತ್ತು ಕಾಳು ತೂತಾದರೆ ತೂಕ ಶೇ. 10 ಇಳಿಯುವುದಿಲ್ಲ, ತೂತಾದ ಕಾಳಿನಲ್ಲೂ ಒಂದಷ್ಟು ಉಳಿದಿರುತ್ತದೆ ಅಲ್ವಾ. ಒಳ್ಳೆಯದನ್ನೂ ತೂತಾದದ್ದನ್ನೂ ಬೇರೆ ಬೇರೆ ಎಣಿಸಿ, ತೂಗಿ, ಹೋಲಿಸಿದರೆ ನಿಜವಾದ ಇಳಿಕೆ ಗೊತ್ತಾಗುತ್ತದೆ. ಬಿತ್ತನೆಗೆ ಇಟ್ಟದ್ದಾದರೆ ಮಾತು ಬೇರೆ. ತೂಕ ಉಳಿದರೂ ಎಷ್ಟೋ ಸಲ ಮೊಳಕೆಯೇ ಬರುವುದಿಲ್ಲ.

ಗಾಳಿಯಾಡದ ಚೀಲಗಳು ನನಗೆ ಇಷ್ಟ. ಒಳಗಿನ ಆಮ್ಲಜನಕ ಮುಗಿದು ಹುಳ ತಾನಾಗೇ ಸಾಯುತ್ತದೆ, ಔಷಧಿ ಬೇಡ. ಆದರೆ ಹಸಿ ಕಾಳು ತುಂಬಿದರೆ ಕೆಡುವುದು ಖಂಡಿತ. ಹಾಗಾಗಿ ಚೀಲಕ್ಕೂ ಗೋದಾಮಿಗೂ ಮೊದಲು ತೇವಾಂಶ ಮಾಪಕ ಕೊಳ್ಳಿ ಅನ್ನುವುದು ನನ್ನ ವಾದ. ಅದೂ ಇಲ್ಲವಾ? ಒಣಗಿದ ಗಾಜಿನ ಬಾಟಲಿಗೆ ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಮುಚ್ಚಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಜಾಸ್ತಿ ಅಂತ ಲೆಕ್ಕ. ಮತ್ತೆ ಒಣಗಿಸಲು ಹರವಿ.